ಫುಲ್ ಸ್ಕೋರ್ ಬಂದವರ ದಣಿವನ್ನು ಅಳೆಯುವುದು ಹೇಗೆ? ಸಿಎಫ್‌ಎಸ್ ಪ್ರಶ್ನಾವಳಿಗಳ ಸೀಲಿಂಗ್ ಎಫೆಕ್ಟ್‌ಗೆ ಹಂತ ಹಂತದ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ವೈದ್ಯಕೀಯ, ನರ್ಸಿಂಗ್, ಫಿಜಿಯೋಥೆರಪಿ ಓದುವವರು ದಣಿವಿನ ಮೇಲೆ ಥೀಸಿಸ್ ಹಿಡಿದಾಗ ಬಹುತೇಕ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಮೊದಲ ಭೇಟಿಯಲ್ಲಿ ದಣಿವಿನ ಪ್ರಶ್ನಾವಳಿಯ ಸ್ಕೋರ್ 33ಕ್ಕೆ 33, ಅಂದರೆ ಅದರಲ್ಲಿ ಅತಿ ಹೆಚ್ಚಿನ ದಣಿವು. ಮೂರು ತಿಂಗಳ ನಂತರವೂ 33. ‘ಬದಲಾವಣೆ ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ ಆ ಮೂರು ತಿಂಗಳಲ್ಲಿ ರೋಗಿ ಹಾಸಿಗೆ ಹಿಡಿದಿರಬಹುದು. ಸೇರು ತುಂಬಿ ಚೆಲ್ಲಿದ ಮೇಲೆ ಎಷ್ಟು ಭತ್ತ ಸುರಿದರೂ ಅಳತೆ ಒಂದು ಸೇರೇ. ಇದನ್ನೇ ಸೀಲಿಂಗ್ ಎಫೆಕ್ಟ್ ಅನ್ನುತ್ತಾರೆ, ಕನ್ನಡದಲ್ಲಿ ಮೇಲ್ಮಿತಿ ಪರಿಣಾಮ ಎನ್ನಬಹುದು.

ಕ್ರಾನಿಕ್ ಫಟೀಗ್ ಸಿಂಡ್ರೋಮ್ (ತಿಂಗಳುಗಟ್ಟಲೆ ಬಿಡದ ದಣಿವಿನ ಕಾಯಿಲೆ), ಅಂದರೆ ಎಂಇ/ಸಿಎಫ್‌ಎಸ್ ಇರುವವರಲ್ಲಿ ಈ ತೊಂದರೆ ಹೆಚ್ಚು. ಬಳಕೆಯಲ್ಲಿರುವ ಹಲವು ಪ್ರಶ್ನಾವಳಿಗಳು ‘ದಣಿವು ಇದೆಯೋ ಇಲ್ಲವೋ’ ಎಂದು ಬೇರ್ಪಡಿಸಲು ಚೆನ್ನಾಗಿವೆ. ‘ಬಹಳ ದಣಿವು’ ಮತ್ತು ‘ಅದಕ್ಕಿಂತಲೂ ಹೆಚ್ಚಿನ ದಣಿವು’ ಇವುಗಳ ನಡುವಿನ ಅಂತರ ಅವುಗಳ ಕೈಗೆ ಸಿಗುವುದಿಲ್ಲ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಡೇಟಾ ಕೂಡಿಸಿದ ಮೇಲೆ ಸರಿಪಡಿಸುತ್ತೇನೆ ಎಂದರೆ ಆಗುವ ಕೆಲಸವಲ್ಲ ಇದು.

## ಮೊದಲು ಕೈಯಲ್ಲಿ ಇರಬೇಕಾದವು

ಎಥಿಕ್ಸ್ ಕಮಿಟಿಯ ಒಪ್ಪಿಗೆ, ಆಯ್ದ ಸ್ಕೇಲ್ ಬಳಸಲು ಬೇಕಾದ ಅನುಮತಿ, ಪ್ರತಿ ಪ್ರಶ್ನೆಗೂ ಬೇರೆ ಕಾಲಂ ಇರುವ ಎಕ್ಸೆಲ್ ಹಾಳೆ, ರೋಗಿ ಮನೆಯಲ್ಲಿ ಬರೆದಿಡಲು ಒಂದು ಸಣ್ಣ ಡೈರಿ. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಮಾತಾಡುವ ಮನೆಗಳು ಸಾಕಷ್ಟಿವೆ, ತಾಂಡಾಗಳಲ್ಲಿ ಲಂಬಾಣಿ ನಡೆಯುತ್ತದೆ. ಯಾವ ಭಾಷೆಯ ಫಾರಂ ಯಾರಿಗೆ ಎನ್ನುವುದನ್ನು ಈಗಲೇ ತೀರ್ಮಾನಿಸಿ. ಸ್ಥಳದಲ್ಲೇ ನಿಂತು ಬಾಯಲ್ಲಿ ಅನುವಾದ ಮಾಡಿ ಕೇಳಿದರೆ ಪ್ರತಿ ಮನೆಯಲ್ಲೂ ಪ್ರಶ್ನೆ ಬೇರೆಯಾಗುತ್ತದೆ.

## ಹಂತ 1: ಯಾರನ್ನು ಅಳೆಯುತ್ತಿದ್ದೀರಿ ಎಂದು ಗಟ್ಟಿ ಮಾಡಿಕೊಳ್ಳಿ

ದಣಿವು ಎಂದು ಬಂದವರೆಲ್ಲ ಸಿಎಫ್‌ಎಸ್ ರೋಗಿಗಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5 (2019-21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಕ್ಷಯ, ಕಿಡ್ನಿ ಮತ್ತು ಲಿವರ್, ನಿದ್ರೆಯ ತೊಂದರೆ, ಖಿನ್ನತೆ ಇವೆಲ್ಲವನ್ನೂ ವೈದ್ಯರು ನೋಡಿ ಮುಗಿಸಿದ ಮೇಲೆಯೇ ಮುಂದಿನ ಮಾತು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದಲ್ಲಿ ಮೂರು ಲಕ್ಷಣಗಳು ಕಡ್ಡಾಯ. ಆರು ತಿಂಗಳು ಮೀರಿದ, ಮೊದಲಿನ ಕೆಲಸ ಮಾಡಲು ಬಿಡದ ದಣಿವು ಒಂದು. ಶ್ರಮ ಪಟ್ಟ ಮೇಲೆ ಬರುವ ಕುಸಿತ, ಅಂದರೆ ಪಿಇಎಂ, ಇನ್ನೊಂದು. ಮಲಗಿ ಎದ್ದರೂ ಚೇತರಿಕೆ ಇಲ್ಲದ ನಿದ್ರೆ ಮೂರನೆಯದು. ಜೊತೆಗೆ ಯೋಚನೆ, ನೆನಪಿನ ತೊಂದರೆ ಅಥವಾ ಎದ್ದು ನಿಂತಾಗ ಹೆಚ್ಚಾಗುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು.

ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಕಾಯಿಲೆಯ ತೀವ್ರತೆಯನ್ನು ಸೌಮ್ಯ, ಮಧ್ಯಮ, ತೀವ್ರ, ಅತಿ ತೀವ್ರ ಎಂದು ವಿಂಗಡಿಸುತ್ತದೆ. ಪ್ರತಿ ರೋಗಿಯ ಹೆಸರಿನ ಮುಂದೆ ಇದನ್ನು ಮೊದಲ ದಿನವೇ ಬರೆಯಿರಿ. ತೀವ್ರ ಗುಂಪಿನವರು ಓಪಿಡಿಗೆ ಬರುವುದೇ ಕಷ್ಟ. ದೇವದುರ್ಗದ ಹಳ್ಳಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಬಂದು, ಸಾಲಿನಲ್ಲಿ ನಿಂತು, ಚೀಟಿ ಮಾಡಿಸಿ ಒಳಗೆ ಬಂದವರು ಆ ಮಟ್ಟಿಗೆ ಶಕ್ತಿ ಉಳಿದವರು. ಓಪಿಡಿಯಲ್ಲಿ ಮಾತ್ರ ಕೂತರೆ ನಿಮ್ಮ ಸ್ಕೇಲ್‌ನಲ್ಲಿ ಮೇಲ್ಮಿತಿಯ ತೊಂದರೆ ಇಲ್ಲ ಎಂದೇ ಕಾಣಬಹುದು, ಏಕೆಂದರೆ ಆ ಮಿತಿ ಮುಟ್ಟುವವರು ಮನೆಯಲ್ಲೇ ಉಳಿದಿರುತ್ತಾರೆ.

## ಹಂತ 2: ಪ್ರಶ್ನಾವಳಿಯ ಮೇಲ್ತುದಿ ಎಲ್ಲಿದೆ ನೋಡಿ

ಸ್ಕೇಲ್‌ನ ಹೆಸರು, ಎಷ್ಟು ಜನ ಬಳಸಿದ್ದಾರೆ ಎನ್ನುವುದನ್ನು ಬದಿಗಿಡಿ. ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಅತಿ ಹೆಚ್ಚಿನ ಅಂಕ ಪಡೆಯಲು ಒಬ್ಬರು ಎಷ್ಟು ಕಾಯಿಲೆ ಬಿದ್ದಿರಬೇಕು?

ಚಾಲ್ಡರ್ ಫಟೀಗ್ ಸ್ಕೇಲ್. 1993ರಲ್ಲಿ ಪ್ರಕಟವಾದದ್ದು, ಹೆಚ್ಚಾಗಿ ಬಳಸುವುದು 11 ಪ್ರಶ್ನೆಗಳ ರೂಪ. ಏಳು ಪ್ರಶ್ನೆ ದೈಹಿಕ ದಣಿವಿನವು, ನಾಲ್ಕು ಮಾನಸಿಕ ದಣಿವಿನವು. ಉತ್ತರಗಳು ಸುಮಾರಾಗಿ ಹೀಗೆ: ಎಂದಿಗಿಂತ ಕಡಿಮೆ, ಎಂದಿಗಿಂತ ಹೆಚ್ಚಿಲ್ಲ, ಎಂದಿಗಿಂತ ಹೆಚ್ಚು, ಎಂದಿಗಿಂತ ಬಹಳ ಹೆಚ್ಚು. ಅಂಕ ಕೊಡುವ ರೀತಿ ಎರಡು. ಲೈಕರ್ಟ್ ರೀತಿಯಲ್ಲಿ 0, 1, 2, 3 ಕೊಟ್ಟು ಒಟ್ಟು 33. ಬೈಮೋಡಲ್ ರೀತಿಯಲ್ಲಿ 0, 0, 1, 1 ಕೊಟ್ಟು ಒಟ್ಟು 11. ಬೈಮೋಡಲ್‌ನಲ್ಲಿ ‘ಹೆಚ್ಚು’ ಮತ್ತು ‘ಬಹಳ ಹೆಚ್ಚು’ ಎರಡಕ್ಕೂ ಒಂದೇ ಅಂಕ. ಎಲ್ಲಕ್ಕೂ ‘ಹೆಚ್ಚು’ ಎಂದವರಿಗೂ 11, ಎಲ್ಲಕ್ಕೂ ‘ಬಹಳ ಹೆಚ್ಚು’ ಎಂದವರಿಗೂ 11. ಸಿಎಫ್‌ಎಸ್‌ನಲ್ಲಿ ಬದಲಾವಣೆ ಅಳೆಯಲು ಬೈಮೋಡಲ್ ಬಳಸಬೇಡಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಲೈಕರ್ಟ್ ಸ್ವಲ್ಪ ಮೇಲು, ಅಷ್ಟೇ.

ಫಟೀಗ್ ಸಿವಿಯರಿಟಿ ಸ್ಕೇಲ್. 1989ರದು. ಒಂಬತ್ತು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 7. ಸರಾಸರಿ 4 ಮತ್ತು ಅದಕ್ಕಿಂತ ಹೆಚ್ಚು ಬಂದರೆ ದಣಿವು ಇದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಏಳು ಮೆಟ್ಟಿಲು ಇದೆಯಲ್ಲ ಎಂದು ನಂಬಿ ಕೂರಬೇಡಿ. ‘ದಣಿವು ನನ್ನ ಕೆಲಸಕ್ಕೆ, ಮನೆಗೆ ಅಡ್ಡಿಯಾಗುತ್ತದೆ’ ಎಂಬ ಧಾಟಿಯ ಮಾತಿಗೆ ಸಿಎಫ್‌ಎಸ್ ಇರುವವರು ಪೂರ್ತಿ ಒಪ್ಪಿಗೆ ಕೊಡದೆ ಇನ್ನೇನು ಕೊಡುತ್ತಾರೆ?

ಚೆಕ್‌ಲಿಸ್ಟ್ ಇಂಡಿವಿಜುಯಲ್ ಸ್ಟ್ರೆಂಥ್. ನೆದರ್ಲೆಂಡ್ಸ್‌ನಲ್ಲಿ ಬೆಳೆದದ್ದು. 20 ಹೇಳಿಕೆಗಳಲ್ಲಿ ಎಂಟು ದಣಿವಿನವು, ಆ ಭಾಗದ ಅಂಕ 8ರಿಂದ 56. 35 ಮತ್ತು ಮೇಲೆ ತೀವ್ರ ದಣಿವು. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಕೆಲವು ಹೇಳಿಕೆಗಳು ಉಲ್ಟಾ ಇರುವುದರಿಂದ ಕಣ್ಣುಮುಚ್ಚಿ ಟಿಕ್ ಹಾಕಿದವರು ಗೊತ್ತಾಗುತ್ತಾರೆ.

ಎಸ್‌ಎಫ್-36 ಎಂಬ 36 ಪ್ರಶ್ನೆಗಳ ಸಾಮಾನ್ಯ ಆರೋಗ್ಯ ಪ್ರಶ್ನಾವಳಿಯ ಚೈತನ್ಯ ಭಾಗ. ಇಲ್ಲಿ ಲೆಕ್ಕ ತಿರುಗುಮುರುಗು. ಅಂಕ ಕಡಿಮೆಯಾದಷ್ಟೂ ದಣಿವು ಹೆಚ್ಚು. ತೀವ್ರ ರೋಗಿಗಳು 0 ಹತ್ತಿರ ಗುಂಪಾಗುತ್ತಾರೆ, ಅಲ್ಲಿ ಅದು ಕೆಳಮಿತಿ ಪರಿಣಾಮ. ಹೆಸರು ಬೇರೆ, ತೊಂದರೆ ಅದೇ.

ಡಿಪಾಲ್ ಸಿಂಪ್ಟಮ್ ಕ್ವೆಶ್ಚನೇರ್. ಪ್ರತಿ ಲಕ್ಷಣ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ಜೋರು ಎಂದು ಎರಡು ಸಲ ಕೇಳುತ್ತದೆ. ಎರಡಕ್ಕೂ 0ರಿಂದ 4. ಇವನ್ನು 25ರಿಂದ ಗುಣಿಸಿ ಸರಾಸರಿ ತೆಗೆದರೆ 100ಕ್ಕೆ ಇಷ್ಟು ಎಂದು ಬರುತ್ತದೆ. ಪಿಇಎಂ ಬಗ್ಗೆ ನೇರವಾಗಿ ಕೇಳುವುದು ಇದರ ದೊಡ್ಡ ಗುಣ. ಆದರೆ ಮೂಲ ರೂಪ ಕಳೆದ ಆರು ತಿಂಗಳ ಬಗ್ಗೆ ಕೇಳುತ್ತದೆ. ತಿಂಗಳಿಗೊಮ್ಮೆ ಅಳೆಯುವ ಅಧ್ಯಯನಕ್ಕೆ ಅದನ್ನು ಹಾಗೆಯೇ ಹಾಕಿದರೆ ಒಂದು ಭೇಟಿಯ ಉತ್ತರದಲ್ಲಿ ಹಿಂದಿನ ಐದು ತಿಂಗಳೂ ಬೆರೆತಿರುತ್ತವೆ.

ಪ್ರಾಮಿಸ್ ಫಟೀಗ್. ದೊಡ್ಡ ಪ್ರಶ್ನೆ ಸಂಗ್ರಹದಿಂದ ರೋಗಿಯ ಮಟ್ಟಕ್ಕೆ ತಕ್ಕ ಪ್ರಶ್ನೆಯನ್ನು ಕಂಪ್ಯೂಟರ್ ಆರಿಸಿ ಕೇಳುವ ರೂಪವೂ ಇದೆ. ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 10 ಎಂದು ಅಂಕ ಹೊಂದಿಸಲಾಗಿದೆ. ಟ್ಯಾಬ್ಲೆಟ್, ಅನುಮತಿ, ಭಾಷೆ ಮೂರೂ ಒದಗಿದರೆ ನೋಡಬಹುದು.

## ಹಂತ 3: ‘ಎಂದಿಗಿಂತ’ ಅಂದರೆ ಯಾವಾಗಿನಿಂದ?

ಚಾಲ್ಡರ್ ಸ್ಕೇಲ್ ಬಳಸುವವರು ಇಲ್ಲಿ ನಿಧಾನ ಮಾಡಬೇಕು. ಬಹಳ ದಿನದಿಂದ ದಣಿದಿದ್ದರೆ, ಕೊನೆಯ ಸಲ ಆರಾಮ ಇದ್ದಾಗಿನ ಜೊತೆ ಹೋಲಿಸಿ ಉತ್ತರಿಸಿ ಎಂದು ಆ ಫಾರಂ ಸೂಚಿಸುತ್ತದೆ. ಈ ಸೂಚನೆಯನ್ನು ಓದಿ ಹೇಳದೆ ಪ್ರಶ್ನೆಗೆ ಹಾರುವವರೇ ಹೆಚ್ಚು.

ಎಂಟು ವರ್ಷದಿಂದ ಕಾಯಿಲೆ ಇರುವ ತಾಯಿಯೊಬ್ಬರನ್ನು ಸಿರುಗುಪ್ಪದ ಕಡೆಯ ಮನೆಯಲ್ಲಿ ಕೂರಿಸಿ ಕೇಳಿದರೆ ಬರುವ ಮಾತು ಇಂಥದ್ದು: ‘ಮೊದ್ಲಿನಕಿಂತ ಅಂದ್ರ ಯಾವಾಗಿನ ಮೊದ್ಲು ರೀ? ನಾ ಆರಾಮ ಇದ್ದದ್ದ ನಂಗ ಮರ್ತ ಹೋಗೈತಿ.’ ಅವರು ಹೋದ ತಿಂಗಳ ಜೊತೆ ಹೋಲಿಸಿದರೆ ‘ಎಂದಿಗಿಂತ ಹೆಚ್ಚಿಲ್ಲ’ ಎನ್ನುತ್ತಾರೆ, 11 ಪ್ರಶ್ನೆಗೂ ಹಾಗೆಯೇ ಹೇಳಿದರೆ ಲೈಕರ್ಟ್‌ನಲ್ಲಿ 11 ಬಂತು. ಆರಾಮಿದ್ದ ಕಾಲದ ಜೊತೆ ಹೋಲಿಸಿದರೆ ಅದೇ ದಿನ, ಅದೇ ದೇಹಕ್ಕೆ 33. ಮೊದಲ ಭೇಟಿಯಲ್ಲಿ ಒಂದು ಹೋಲಿಕೆ, ಎರಡನೆಯದರಲ್ಲಿ ಇನ್ನೊಂದು ಆಗಿಬಿಟ್ಟರೆ ಚಿಕಿತ್ಸೆ ಇಲ್ಲದೆಯೇ ರೋಗಿ ‘ಗುಣವಾಗುತ್ತಾರೆ’.

ಪರಿಹಾರ ಕಷ್ಟದ್ದಲ್ಲ. ಕಾಯಿಲೆಗೆ ಮೊದಲಿನ ಒಂದು ಗುರುತನ್ನು ಅವರ ಬಾಯಿಂದಲೇ ಹೊರಡಿಸಿ: ಮಗಳ ಮದುವೆ, ಮನೆ ಕಟ್ಟಿಸಿದ ವರ್ಷ, ಚಿಕೂನ್‌ಗುನ್ಯಾ ಬರುವ ಮುಂಚಿನ ನಾಟಿ. ಅದನ್ನು ಫಾರಂ ತಲೆಯ ಮೇಲೆ ಬರೆದಿಡಿ. ಪ್ರತಿ ಭೇಟಿಯಲ್ಲೂ ಅದನ್ನೇ ಹೇಳಿ ಶುರು ಮಾಡಿ.

## ಹಂತ 4: ಪೈಲಟ್ ಮಾಡಿ, ಮೇಲ್ತುದಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಣಿಸಿ

ಮುಖ್ಯ ಅಧ್ಯಯನಕ್ಕೆ ಮೊದಲು 20ರಿಂದ 40 ಜನರಲ್ಲಿ ನಡೆಸಿ ನೋಡಿ. ಮನೆ ಬಿಟ್ಟು ಬರಲಾಗದವರು ಇದರಲ್ಲಿ ಇರಲೇಬೇಕು. ಆಮೇಲೆ ನಾಲ್ಕು ಎಣಿಕೆ.

ಒಟ್ಟು ಅಂಕದಲ್ಲಿ ತುದಿ ಮುಟ್ಟಿದವರು ಎಷ್ಟು? 15% ಮೀರಿದರೆ ಮೇಲ್ಮಿತಿ ಪರಿಣಾಮ ಇದೆ ಎಂಬುದು ಅಳತೆಗಳ ಗುಣಮಟ್ಟ ನೋಡುವವರು ಒಪ್ಪಿದ ನಿಯಮ. 40 ಜನರಲ್ಲಿ 6 ಎಂದರೆ ಸರಿಯಾಗಿ 15%. ಏಳನೆಯವರು ಬಂದರೆ ಗಡಿ ದಾಟಿತು. ಎಕ್ಸೆಲ್‌ನ ಕೌಂಟಿಫ್ ಫಾರ್ಮುಲಾ ಸಾಕು.

ತುದಿಯ ಹತ್ತಿರ ಎಷ್ಟು ಜನ? ಇದನ್ನು ಬಹುತೇಕ ಯಾರೂ ಎಣಿಸುವುದಿಲ್ಲ, ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಇದೇ ಮುಖ್ಯ. 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಸಿಎಫ್‌ಎಸ್ ಚಿಕಿತ್ಸೆಗಳನ್ನು ಹೋಲಿಸಿದ ಪೇಸ್ ಟ್ರಯಲ್‌ನಲ್ಲಿ ಚಾಲ್ಡರ್ ಲೈಕರ್ಟ್ ಅಂಕದ 2 ಅಂಕಗಳ ವ್ಯತ್ಯಾಸವನ್ನು ಚಿಕಿತ್ಸೆಯ ದೃಷ್ಟಿಯಿಂದ ಉಪಯುಕ್ತ ಎಂದು ಹಿಡಿದಿದ್ದರು. ಅದೇ ಲೆಕ್ಕ ಹಿಡಿದರೆ 32 ಅಥವಾ 33 ಬಂದವರಿಗೆ 2 ಅಂಕ ಕೆಟ್ಟು ತೋರಿಸಲು ಜಾಗವೇ ಇಲ್ಲ. ನಿಮ್ಮ ಗುಂಪಿನಲ್ಲಿ ಇಂಥವರು ಎಷ್ಟು ಮಂದಿಯೋ ಅಷ್ಟು ಮಂದಿಯ ಕೆಡುಕು ನಿಮಗೆ ಕಾಣುವುದಿಲ್ಲ.

ಯಾವ ಪ್ರಶ್ನೆ ತುಂಬಿದೆ? ಒಂದೊಂದು ಪ್ರಶ್ನೆಗೂ ಕೊನೆಯ ಕಾಲಂ ಆರಿಸಿದವರನ್ನು ಎಣಿಸಿ. ದೈಹಿಕ ದಣಿವಿನ ಪ್ರಶ್ನೆಗಳು ತುಂಬಿ, ನೆನಪಿನ ಪ್ರಶ್ನೆಗಳಲ್ಲಿ ಮಾತ್ರ ಏರಿಳಿತ ಕಂಡರೆ, ನಿಮ್ಮ ಒಟ್ಟು ಅಂಕದ ಬದಲಾವಣೆ ಪೂರ್ತಿ ನೆನಪಿನದೇ ಆಗಿರುತ್ತದೆ.

ನಾಲ್ಕನೆಯದು ಸೌಮ್ಯದಿಂದ ತೀವ್ರದವರೆಗಿನ ಗುಂಪುಗಳ ಸರಾಸರಿ. ಮನೆಗೆಲಸ ಹೇಗೋ ಮಾಡಿಕೊಳ್ಳುವವರಿಗೆ 30, ಹಾಸಿಗೆ ಹಿಡಿದವರಿಗೆ 32 ಬಂದರೆ ಆ ಸ್ಕೇಲ್ ಈ ಎರಡು ಬದುಕುಗಳನ್ನು ಬೇರೆ ಮಾಡಲಾರದು.

*ಎಚ್ಚರಿಕೆಯ ಸೂಚನೆ:* ಸರಾಸರಿಗೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡಿಸಿದಾಗ ಗರಿಷ್ಠ ಅಂಕವನ್ನು ಮೀರಿದರೆ ಅಲ್ಲಿ ಗುಂಪು ತುದಿಗೆ ಒತ್ತಿಕೊಂಡಿದೆ. ಸರಾಸರಿ 30, ಡೀವಿಯೇಶನ್ 4 ಆದರೆ 34. ಫಾರಂನಲ್ಲಿ 34 ಇಲ್ಲ. ಬೇರೆಯವರ ಪೇಪರ್ ಓದುವಾಗಲೂ ಈ ಕೂಡಿಕೆ ಮಾಡಿ ನೋಡಿ. ಇನ್ನು, ಕ್ರಾನ್‌ಬಾಕ್ ಆಲ್ಫಾ 0.9 ಬಂತು, ಸ್ಕೇಲ್ ಚೆನ್ನಾಗಿದೆ ಎಂದು ಗೈಡ್‌ಗೆ ತೋರಿಸಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಆಲ್ಫಾ ಹೇಳುತ್ತದೆ, ಮೇಲೆ ಜಾಗ ಇದೆಯೇ ಎಂದು ಅದು ಹೇಳುವುದಿಲ್ಲ.

## ಹಂತ 5: ಮೇಲೆ ಜಾಗ ಮಾಡಿಕೊಳ್ಳಿ

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ತುದಿ ಮುಟ್ಟಿದ ರೋಗಿಗಳನ್ನು ಕೈಬಿಡಬೇಡಿ, ಹೆಚ್ಚು ಕಾಯಿಲೆ ಇರುವವರನ್ನು ತೆಗೆದ ಸಿಎಫ್‌ಎಸ್ ಅಧ್ಯಯನದಿಂದ ಅವರಿಗೆ ಏನೂ ಸಿಗುವುದಿಲ್ಲ. ಚಾಲ್ಡರ್ ಫಾರಂನಲ್ಲಿ ‘ತಡೆಯಲಾರದಷ್ಟು’ ಎಂಬ ಐದನೇ ಕಾಲಂ ನೀವೇ ಸೇರಿಸಬೇಡಿ, ಸೇರಿಸಿದ ಕ್ಷಣ ಅದು ಬೇರೆ ಸ್ಕೇಲ್, ಹಳೆಯ ಅಧ್ಯಯನಗಳ ಜೊತೆ ಹೋಲಿಕೆ ಮುಗಿಯಿತು.

ಮಾಡಬೇಕಾದದ್ದು ಇಷ್ಟು. ದಣಿವಿನ ಸ್ಕೇಲ್ ಜೊತೆಗೆ, ಅದರ ಮೇಲೆ ಅವಲಂಬಿಸದ ಎರಡು ಬಗೆಯ ಅಳತೆ ಇಟ್ಟುಕೊಳ್ಳಿ.

ಮೊದಲನೆಯದು ಕೆಲಸದ ಸಾಮರ್ಥ್ಯ. ಎಸ್‌ಎಫ್-36ರ ದೈಹಿಕ ಸಾಮರ್ಥ್ಯದ ಭಾಗದಲ್ಲಿ 10 ಪ್ರಶ್ನೆ, 0ರಿಂದ 100. ಓಡುವಂಥ ಜೋರು ಕೆಲಸದಿಂದ ಹಿಡಿದು ಸ್ನಾನ, ಬಟ್ಟೆ ಹಾಕಿಕೊಳ್ಳುವವರೆಗೆ ಇಳಿಯುತ್ತದೆ. ಅತಿ ತೀವ್ರ ರೋಗಿಗಳಲ್ಲಿ ಇದೂ 0 ಮುಟ್ಟುತ್ತದೆ, ಅದನ್ನೂ ಎಣಿಸಿ. ಇದರ ಜೊತೆ ಡೈರಿಯಲ್ಲಿ ಒಂದೇ ಸಾಲು ಬರೆಸಿ: ಇಂದು ಕಾಲು ನೆಲಕ್ಕಿಟ್ಟು ಕೂತದ್ದು, ನಿಂತದ್ದು, ನಡೆದದ್ದು ಎಲ್ಲ ಸೇರಿ ಎಷ್ಟು ಗಂಟೆ? ನಾನು ಹೆಚ್ಚು ನಂಬುವ ಅಳತೆ ಇದು, ಓದು ಬರದವರ ಮನೆಯಲ್ಲೂ ಯಾರಾದರೂ ತುಂಬಿಕೊಡುತ್ತಾರೆ. ಹೆಜ್ಜೆ ಎಣಿಸಲು ಮೊಬೈಲ್ ನೆಚ್ಚಬೇಡಿ. ಹಳ್ಳಿಮನೆಯಲ್ಲಿ ಫೋನ್ ಚಾರ್ಜಿಗೆ ಹಾಕಿದ ಕಡೆ ಇರುತ್ತದೆ, ಇಲ್ಲವೇ ಮಗನ ಜೇಬಿನಲ್ಲಿ. ಕೈಗೆ ಕಟ್ಟುವ ಬ್ಯಾಂಡ್ ಸಿಕ್ಕರೆ ಸರಿ.

ಎರಡನೆಯದು ಬದಲಾವಣೆಯನ್ನು ನೇರವಾಗಿ ಕೇಳುವುದು. ‘ಹೋದ ಸಲ ನಾವು ಬಂದಾಗಿಗಿಂತ ಈಗ ಹೇಗಿದ್ದೀರಿ?’ ಬಹಳ ಕೆಟ್ಟಿದೆ ಎಂಬುದರಿಂದ ಬಹಳ ಸುಧಾರಿಸಿದೆ ಎಂಬುದರವರೆಗೆ ಏಳು ಉತ್ತರ. 33 ಬಂದವರೂ ಇಲ್ಲಿ ‘ಕೆಟ್ಟಿದೆ’ ಎನ್ನಬಲ್ಲರು. ಆ ಸಿರುಗುಪ್ಪದ ತಾಯಿಯ ಫಾರಂ ಕಣ್ಣ ಮುಂದೆ ತಂದುಕೊಳ್ಳಿ. ಕೊನೆಯ ಕಾಲಂನಲ್ಲಿ ಮೇಲಿನಿಂದ ಕೆಳಗೆ ಹನ್ನೊಂದು ಟಿಕ್, ಹೋದ ತಿಂಗಳೂ ಹನ್ನೊಂದು, ಈ ತಿಂಗಳೂ ಹನ್ನೊಂದು. ಪಕ್ಕದಲ್ಲಿ ನಿಂತ ಸೊಸೆ ಹೇಳುವುದು ಬೇರೆ: ‘ಹೋದ ತಿಂಗಳ ತಾವ ಎದ್ದು ಬಚ್ಚಲಕ ಹೋಗ್ತಿದ್ರು ರೀ, ಈಗ ಹಿಡ್ಕೊಂಡು ಕರ್ಕೊಂಡು ಹೋಗಬೇಕು.’ ಈ ಮಾತು ಬೀಳಲು ನಿಮ್ಮ ಫಾರಂನಲ್ಲಿ ಒಂದು ಜಾಗ ಇರಬೇಕು.

## ಹಂತ 6: ಮನೆಗೆ ಹೋಗಿ ಕೇಳುವಾಗ

ಪ್ರಶ್ನಾವಳಿಯೂ ಶ್ರಮವೇ. ನಾಲ್ಕು ಫಾರಂ ಒಂದೇ ಕೂತಿನಲ್ಲಿ ತುಂಬಿಸಿದರೆ ಮರುದಿನ, ಅದರ ಮರುದಿನ ರೋಗಿ ಏಳಲಾರದೆ ಹೋಗಬಹುದು. ಎರಡು ದಿನಕ್ಕೆ ಹಂಚಿ, ಮಲಗಿಕೊಂಡೇ ಉತ್ತರಿಸಲು ಬಿಡಿ, ಮುಖ್ಯ ಸ್ಕೇಲ್ ಅನ್ನು ಯಾವಾಗಲೂ ಮೊದಲು ಕೇಳಿ. ಕೊನೆಗೆ ಇಟ್ಟ ಫಾರಂನಲ್ಲಿ ಎಲ್ಲಕ್ಕೂ ಒಂದೇ ಕಾಲಂ ಟಿಕ್ ಆಗುವುದು ಸುಸ್ತಿನಿಂದ. ಅದನ್ನು ಮೇಲ್ಮಿತಿ ಎಂದು ತಪ್ಪು ತಿಳಿಯುತ್ತೀರಿ.

ಯಾರು ಉತ್ತರಿಸಿದರು ಎಂದು ಬರೆಯಿರಿ. ಗಂಡ, ಅತ್ತೆ, ಮಗ ಮಧ್ಯೆ ಬಾಯಿ ಹಾಕಿದರೆ ‘ಅಕ್ಕ ಏನಂತಾರ ಕೇಳೋಣ’ ಎಂದು ಮೆತ್ತಗೆ ಅವರ ಕಡೆ ತಿರುಗಿಸಿ. ಮನೆಯವರ ಮಾತನ್ನು ಬೇರೆ ಕಾಲಂನಲ್ಲಿ ದಾಖಲಿಸಿ, ರೋಗಿಯ ಉತ್ತರದ ಜೊತೆ ಬೆರೆಸಬೇಡಿ.

ಹೊತ್ತು ಮತ್ತು ಋತು ಒಂದೇ ಇರಲಿ. ಜನವರಿಯಲ್ಲಿ ಮೊದಲ ಭೇಟಿ, ಮೇ ತಿಂಗಳಲ್ಲಿ ಎರಡನೆಯದು ಇಟ್ಟುಕೊಂಡರೆ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲನ್ನು ಅಳೆದಂತಾಗುತ್ತದೆ. ಗಂಗಾವತಿ, ಸಿಂಧನೂರಿನ ನೀರಾವರಿ ಊರುಗಳಲ್ಲಿ ನಾಟಿ, ಕೊಯ್ಲಿನ ವಾರಗಳನ್ನು ಬಿಡಿ. ಸೌಮ್ಯ ಕಾಯಿಲೆಯವರು ಆ ವಾರ ಗದ್ದೆಗೆ ಇಳಿದು, ಮುಂದಿನ ವಾರ ಕುಸಿದು ಮಲಗಿರುತ್ತಾರೆ.

## ಹಂತ 7: ಒಟ್ಟು ಅಂಕ ಬೇಡ, ಒಂದೊಂದು ಉತ್ತರ ಎಂಟ್ರಿ ಮಾಡಿ

ಒಟ್ಟು ಅಂಕ ಮಾತ್ರ ಬರೆದಿಟ್ಟರೆ ಮುಂದೆ ಏನನ್ನೂ ಪರೀಕ್ಷಿಸಲಾಗದು. ಕಾರಣ ಈ ಲೆಕ್ಕದಲ್ಲಿದೆ.

ಒಬ್ಬರು ಮೊದಲ ಭೇಟಿಯಲ್ಲಿ 11 ಪ್ರಶ್ನೆಗೂ ‘ಹೆಚ್ಚು’ ಎಂದರು. ಲೈಕರ್ಟ್ 22, ಬೈಮೋಡಲ್ 11. ಎರಡನೇ ಭೇಟಿಯಲ್ಲಿ ಎಂಟಕ್ಕೆ ‘ಬಹಳ ಹೆಚ್ಚು’, ಮೂರಕ್ಕೆ ‘ಎಂದಿಗಿಂತ ಹೆಚ್ಚಿಲ್ಲ’. ಲೈಕರ್ಟ್ 24 ಮತ್ತು 3 ಸೇರಿ 27, ಬೈಮೋಡಲ್ 8. ಒಂದೇ ಫಾರಂ, ಒಂದೇ ರೋಗಿ. ಒಂದು ಲೆಕ್ಕದಲ್ಲಿ 5 ಅಂಕ ಕೆಟ್ಟಿದ್ದಾರೆ, ಇನ್ನೊಂದರಲ್ಲಿ 3 ಅಂಕ ಸುಧಾರಿಸಿದ್ದಾರೆ.

ಎರಡು ರೀತಿಯನ್ನು ಬೆರೆಸಿದರೆ ಇನ್ನೂ ಗೊಂದಲ. ಪೇಸ್ ಟ್ರಯಲ್ ಸೇರಲು ಬೈಮೋಡಲ್ ಅಂಕ 6 ಅಥವಾ ಹೆಚ್ಚು ಇರಬೇಕಿತ್ತು. ನಂತರದ ವಿಶ್ಲೇಷಣೆಯಲ್ಲಿ ಲೈಕರ್ಟ್ 18 ಅಥವಾ ಕಡಿಮೆಯನ್ನು ಸಹಜ ವ್ಯಾಪ್ತಿ ಎಂದು ಹಿಡಿದರು. ಆರು ಪ್ರಶ್ನೆಗೆ ‘ಹೆಚ್ಚು’, ಐದಕ್ಕೆ ‘ಹೆಚ್ಚಿಲ್ಲ’ ಎಂದವರಿಗೆ ಬೈಮೋಡಲ್ 6, ಲೈಕರ್ಟ್ 17. ದಣಿವಿನ ಮಟ್ಟಿಗೆ ಟ್ರಯಲ್‌ಗೆ ಸೇರುವಷ್ಟು ಕಾಯಿಲೆಯೂ ಹೌದು, ಸಹಜವೂ ಹೌದು. ನಿಮ್ಮ ಪ್ರೋಟೋಕಾಲ್‌ನಲ್ಲಿ ಸೇರಿಸಿಕೊಳ್ಳುವ ಗಡಿ ಮತ್ತು ಸುಧಾರಣೆಯ ಗಡಿ ಒಂದೇ ಲೆಕ್ಕದಲ್ಲಿ ಇರಲಿ, ಮೊದಲೇ ಬರೆದಿರಲಿ.

ಬಿಟ್ಟ ಉತ್ತರವನ್ನು ಖಾಲಿ ಎಂದೇ ಇಡಿ, ಸೊನ್ನೆ ಹಾಕಬೇಡಿ.

## ಹಂತ 8: ವಿಶ್ಲೇಷಣೆ

ಟಿ-ಟೆಸ್ಟ್‌ಗೆ (ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಮೊದಲು ಹಿಸ್ಟೋಗ್ರಾಂ, ಅಂದರೆ ಯಾವ ಅಂಕ ಎಷ್ಟು ಜನರಿಗೆ ಎಂಬ ಕಂಬಚಿತ್ರ ಬಿಡಿಸಿ. ಬಲತುದಿಯಲ್ಲಿ ಗೋಡೆ ಎದ್ದಂತೆ ಕಂಡರೆ ಸರಾಸರಿಯ ಮಾತು ಸಾಲದು, ಮೀಡಿಯನ್ (ಸಾಲಿನ ನಡುವಿನ ಅಂಕ) ಮತ್ತು ಕ್ವಾರ್ಟೈಲ್‌ಗಳನ್ನೂ (ಸಾಲನ್ನು ನಾಲ್ಕು ಪಾಲು ಮಾಡುವ ಅಂಕಗಳು) ಕೊಡಿ.

ಸರಾಸರಿ ಏಕೆ ಸುಳ್ಳು ಹೇಳುತ್ತದೆ ನೋಡಿ. ಹತ್ತು ಜನ, ಎಲ್ಲರಿಗೂ 33. ಐವರು ನಿಜವಾಗಿ 4 ಅಂಕದಷ್ಟು ಸುಧಾರಿಸಿದರು, ಐವರು ಅಷ್ಟೇ ಕೆಟ್ಟರು. ನಿಜದ ಸರಾಸರಿ ಬದಲಾವಣೆ ಸೊನ್ನೆ. ಫಾರಂನಲ್ಲಿ ಐವರಿಗೆ 29, ಉಳಿದ ಐವರಿಗೆ ಅದೇ 33. ಸರಾಸರಿ 31. ಅಂದರೆ 2 ಅಂಕ ಸುಧಾರಣೆ, ಮೇಲೆ ಹೇಳಿದ ‘ಉಪಯುಕ್ತ ವ್ಯತ್ಯಾಸ’ಕ್ಕೆ ಸರಿಸಮ! ತುದಿಯಲ್ಲಿ ಇರುವವರ ಅಂಕ ಇಳಿಯಬಲ್ಲದೇ ಹೊರತು ಏರಲಾರದು. ಹೀಗಾಗಿ ಉತ್ತರದಲ್ಲಿನ ಸಹಜ ಏರುಪೇರು ಕೂಡ ಸುಧಾರಣೆಯ ಕಡೆಗೇ ವಾಲುತ್ತದೆ. ವ್ಯಾಯಾಮದಂಥ ಚಿಕಿತ್ಸೆ ಪರೀಕ್ಷಿಸುವಾಗ ಇದು ಅಪಾಯ, ಏಕೆಂದರೆ ಶ್ರಮದಿಂದ ಕೆಡುವುದೇ ಈ ಕಾಯಿಲೆಯ ಗುಣ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಕೊಡಬಾರದು ಎಂದು ನೈಸ್ 2021ರಲ್ಲಿ ಹೇಳಿದೆ.

ಆದ್ದರಿಂದ ಟೇಬಲ್ ಎರಡು ಮಾಡಿ. ಒಂದರಲ್ಲಿ ಮೊದಲ ಭೇಟಿಯಲ್ಲಿ ಮೇಲೆ ಜಾಗ ಇದ್ದವರು, ಇನ್ನೊಂದರಲ್ಲಿ ಇಲ್ಲದವರು. ಎರಡನೇ ಟೇಬಲ್‌ನಲ್ಲಿ ದಣಿವಿನ ಅಂಕದ ಪಕ್ಕ ದೈಹಿಕ ಸಾಮರ್ಥ್ಯ, ಕಾಲು ನೆಲಕ್ಕಿಟ್ಟ ಗಂಟೆ, ನೇರ ಬದಲಾವಣೆಯ ಉತ್ತರ ಇರಲಿ. ಗುಂಪು ದೊಡ್ಡದಿದ್ದರೆ ಸ್ಟ್ಯಾಟಿಸ್ಟಿಶಿಯನ್ ಜೊತೆ ಕೂತು ಟೋಬಿಟ್ ಮಾಡೆಲ್ ಕೇಳಿ. ಅದು 33 ಎಂಬುದನ್ನು ‘ಕನಿಷ್ಠ 33’ ಎಂದು ಓದುತ್ತದೆ. ಮೂವತ್ತು ನಲವತ್ತು ಜನರ ಡೇಟಾದಲ್ಲಿ ಅದರ ಮೇಲೆ ಭಾರ ಹಾಕಬೇಡಿ, ಎರಡು ಟೇಬಲ್ ಹೆಚ್ಚು ಪ್ರಾಮಾಣಿಕ.

## ಹಂತ 9: ಬರೆಯುವಾಗ

ಫಲಿತಾಂಶದ ಮೊದಲ ಪುಟದಲ್ಲೇ ಈ ವಿವರ ಕೊಡಿ: ಯಾವ ಸ್ಕೇಲ್, ಯಾವ ಅಂಕ ರೀತಿ, ಪ್ರತಿ ಭೇಟಿಯಲ್ಲಿ ತುದಿ ಮುಟ್ಟಿದವರು ಎಷ್ಟು, ತುದಿಯ ಹತ್ತಿರ ಇದ್ದವರು ಎಷ್ಟು, ಎರಡನೇ ಭೇಟಿಗೆ ಬಾರದವರು ಎಷ್ಟು, ಅವರ ಮೊದಲ ಅಂಕ ಎಷ್ಟಿತ್ತು. ಬಾರದೆ ಹೋದವರಲ್ಲಿ 33 ಬಂದವರೇ ಹೆಚ್ಚಿದ್ದರೆ ಅದನ್ನು ಮುಚ್ಚಿಡಬೇಡಿ, ಅವರ ಮನೆಗೆ ಒಂದು ಫೋನ್ ಮಾಡಿ ಕಾರಣ ಕೇಳಿ ಬರೆಯಿರಿ.

ತುದಿಯಲ್ಲೇ ಉಳಿದವರ ಬಗ್ಗೆ ‘ಬದಲಾವಣೆ ಕಂಡುಬಂದಿಲ್ಲ’ ಎಂಬ ವಾಕ್ಯ ಹಾಕಬೇಡಿ. ‘ಈ ಸ್ಕೇಲ್‌ನಲ್ಲಿ ಇವರು ಕೆಟ್ಟಿದ್ದಾರೆಯೇ ಎಂದು ತಿಳಿಯಲು ಸಾಧ್ಯವಿರಲಿಲ್ಲ’ ಎಂದು ಬರೆಯಿರಿ, ಅದರ ಕೆಳಗೇ ಉಳಿದ ಮೂರು ಅಳತೆಗಳು ಏನು ತೋರಿಸಿದವು ಎಂದು ಕೊಡಿ. ವೈವಾದಲ್ಲಿ ಪರೀಕ್ಷಕರು ಇದೇಕೆ ಹೀಗೆ ಎಂದು ಕೇಳಿದರೆ ಹಿಸ್ಟೋಗ್ರಾಂ ಪುಟ ತೆರೆದು ತೋರಿಸಿ.